ಹಬ್ಬದ ಮನೆಯ ಫೈರ್‌ವಾಲ್

ನಮ್ಮಪ್ಪ ನೆಗೊವಾನ್‌ಗೆ ಎರಡು ಮಾತು ಹೇಳಿ ಒಪ್ಪಿಸಲು ಈವರೆಗೆ ಯಾರಿಂದಲೂ ಆಗಿರಲಿಲ್ಲ. ಅವನ ಮಂಡಿ ಕೆಟ್ಟಿದೆ ಎನ್ನುವುದು ಒಂದು. ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ಇರಬಹುದು ಎನ್ನುವುದು ಇನ್ನೊಂದು. ಮೊದಲನೆಯದನ್ನು ಪಿರೋತ್ ಪಟ್ಟಣದ ಡಾಕ್ಟರು ಹೇಳಿ ಸೋತಿದ್ದರು. ಎರಡನೆಯದನ್ನು ಹೇಳಿ ಸೋಲುವ ಸರದಿ ನನ್ನದಾಗಿತ್ತು.

ಸಂತ ಲೂಕನ ಹಬ್ಬದ ಹಿಂದಿನ ದಿನ. ನಮ್ಮ ಮನೆತನವನ್ನು ಕಾಯುವ ಸಂತ ಲೂಕ, ಹಾಗಾಗಿ ವರ್ಷಕ್ಕೊಮ್ಮೆ ಬರುವ ಮನೆಸಂತನ ಹಬ್ಬ, ಸ್ಲಾವಾ, ನಮಗೆ ಆ ದಿನವೇ. ಅಮ್ಮ ಅಡುಗೆಮನೆಯಲ್ಲಿ ಗೋಧಿ ಬೇಯಿಸುತ್ತಿದ್ದಳು. ನಾನು ನನ್ನ ಕೋಣೆಯಲ್ಲಿ ಕೂತು ಶಾಲೆಗೆ ಬೇಕಾದ ಫೈರ್‌ವಾಲ್ ಒಂದನ್ನು ಕಟ್ಟುತ್ತಿದ್ದೆ. ಪಿರೋತ್‌ನ ಶಾಲೆಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಫೈರ್‌ವಾಲ್‌ಗೆ ಅಂತ ಬೇರೆ ಪೆಟ್ಟಿಗೆ ಕೇಳಿದರೆ ಮೇಲಿನವರು, 'ಇರುವ ಯಂತ್ರದ ಒಳಗೇ ಒಂದು ಕಲ್ಪಿತ ಯಂತ್ರ ಮಾಡಿ ಅದರಲ್ಲಿ ಇಟ್ಟುಬಿಡು' ಎಂದಿದ್ದರು. ಹೇಳುವವರಿಗೇನು! ಶಾಲೆಯಲ್ಲಿ ಮಾಡುವ ಮೊದಲು ಮನೆಯ ಹಳೆ ಕಂಪ್ಯೂಟರಿನಲ್ಲಿ ಮಾಡಿ ನೋಡೋಣ ಎಂದುಕೊಂಡಿದ್ದೆ.

ಅಪ್ಪ ನನ್ನ ಮೇಜಿನ ಕೆಳಗೆ ಬಗ್ಗಿ ಪೆಟ್ಟಿಗೆಯ ಹಿಂಬದಿಯನ್ನೆಲ್ಲ ತಡಕಾಡಿದ.

"ಎಲ್ಲಿದೆ ಅದು? ತೋರ್ಸು ನೋಡೋಣ."

"ಒಳಗಿದೆ ಅಪ್ಪ. ಕಾಣ್ಸಲ್ಲ."

"ಕಾಣ್ಸಲ್ಲ ಅಂದ್ರೆ ಇಲ್ಲ ಅಂತ."

"ಸಂತ ಲೂಕನೂ ಕಾಣ್ಸಲ್ಲ. ನಾಳೆ ಅವನಿಗೆ ಮೇಣದಬತ್ತಿ ಹಚ್ತೀಯಲ್ಲ?"

ಅಪ್ಪ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, "ನಿನ್ನ ನಾಲಿಗೆಗೆ ಹೆದರಿಯೇ ಕಣೇ ಈ ಕಣಿವೇಲಿ ಒಬ್ಬ ಗಂಡೂ ನಮ್ಮನೆ ಬಾಗಿಲು ಬಡೀಲಿಲ್ಲ," ಎಂದ. ಆದರೂ ಹೋಗಲಿಲ್ಲ. ಮೇಜಿನ ಅಂಚು ಹಿಡಿದು ನಿಂತೇ ಇದ್ದ. ಕುತೂಹಲ ಅವನಿಗೆ ಯಾವತ್ತೂ ಜಾಸ್ತಿ.

ಅವನಿಗೆ ಅರ್ಥವಾಗುವ ಹಾಗೆ ಹೇಳಿದೆ. ಅಪ್ಪ ಜೀವನವಿಡೀ ಕುರಿ ಸಾಕಿ ಚೀಸ್ ಮಾಡಿದವನು. ಹಾಲು ಕರೆಯುವ ಹೊತ್ತಿಗೆ ದೊಡ್ಡಿಯ ಕಿರುಬಾಗಿಲಲ್ಲಿ ಕುರಿಗಳನ್ನು ಒಂದೊಂದಾಗಿ ಬಿಡುತ್ತಾರಲ್ಲ, ಫೈರ್‌ವಾಲ್ ಆ ಕಿರುಬಾಗಿಲು. ಅದಕ್ಕೆ ಎರಡು ಕಡೆ. ಒಂದು ಕಡೆ ಹೊರಗಿನ ಬಯಲು, ಇನ್ನೊಂದು ಕಡೆ ಒಳಗಿನ ದೊಡ್ಡಿ. ಹೊರಗಿನ ಕಡೆಯನ್ನು ನಮ್ಮ ಮನೆಯ ಜಾಲಕ್ಕೆ ಕಟ್ಟಬೇಕು. ಒಳಗಿನ ಕಡೆಯನ್ನು ಈ ಪೆಟ್ಟಿಗೆ ಬಿಟ್ಟು ಎಲ್ಲೂ ಹೋಗದ ಒಂದು ಗುಟ್ಟಿನ ಜಾಲಕ್ಕೆ ಕಟ್ಟಬೇಕು. ಒಳಗಿನ ಕಡೆ ಯಾವ ಯಂತ್ರ ಬಂದು ಕೇಳಿದರೂ ಫೈರ್‌ವಾಲ್ ಅದಕ್ಕೊಂದು ವಿಳಾಸ ಕೊಟ್ಟು, 'ಇನ್ಮೇಲೆ ಹೊರಗೆ ಹೋಗೋದಿದ್ರೆ ನನ್ನ ಮೂಲಕವೇ ಹೋಗು' ಎನ್ನುತ್ತದೆ.

"ಬಾಗಿಲು ಉಲ್ಟಾ ಕೂರಿಸಿದ್ರೆ?" ಅಪ್ಪ ಕೇಳಿದ.

"ಯಾವ ಪೆದ್ದ ಹಾಗೆ ಕೂರಿಸ್ತಾನೆ?"

ಈ ಮಾತು ನನ್ನ ಬಾಯಿಂದಲೇ ಬಂದದ್ದು.

ತೆರೆಯ ಮೇಲೆ ಫೈರ್‌ವಾಲ್‌ನ ಎರಡು ಕಡೆಗೆ ಒಂದೊಂದರಂತೆ ಜಾಲಕ್ಕೆ ಸೇರಿಸುವ ಎರಡು ಕಲ್ಪಿತ ಕಾರ್ಡುಗಳು ಕಾಣುತ್ತಿದ್ದವು. ಎರಡಕ್ಕೂ ಒಂದೇ ಹೆಸರು, ಒಂದೇ ಬಣ್ಣ. ಬೇರೆ ಅಂತ ಹೇಳುವುದು ಅವುಗಳ ಉದ್ದನೆಯ ಗುರುತಿನ ಸಂಖ್ಯೆಯ ಕೊನೆಯ ಅಕ್ಷರ ಮಾತ್ರ. ಯಾವುದು ಒಳಗಿನದು, ಯಾವುದು ಹೊರಗಿನದು ಎಂದು ಆ ಅಕ್ಷರ ನೋಡಿ ಹೊಂದಿಸುತ್ತಿರುವಾಗಲೇ ಅಮ್ಮ ಅಡುಗೆಮನೆಯಿಂದ ಕೂಗಿದಳು. "ಮಿಲುಂಕಾ! ಅಕ್ರೋಟು ಕುಟ್ಟೋರ್ಯಾರು? ಬೆಂದ ಗೋಧಿ ತಣ್ಣಗಾಯ್ತು, ಬಾರೇ!" ಒಂದೆರಡು ಗುಂಡಿ ಒತ್ತಿ ಎದ್ದುಹೋದೆ. ಅಕ್ರೋಟು ಕುಟ್ಟಿದೆ, ಸಕ್ಕರೆ ಬೆರೆಸಿದೆ, ರೊಟ್ಟಿಯ ಮೇಲೆ ಹಿಟ್ಟಿನ ಹಕ್ಕಿ, ದ್ರಾಕ್ಷಿಗೊಂಚಲು ಅಂಟಿಸಿದೆ. ತಿರುಗಿ ಕೋಣೆಗೆ ಹೋಗುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು, ಅಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಸಾಕು. ಇನ್ನು ಅದನ್ನ ಮುಟ್ಟಬೇಡ. ನಾಳೆ ನಮ್ಮನೇಲಿ ಯಾರೂ ಕೆಲಸ ಮಾಡಲ್ಲ."

ಸ್ಲಾವಾ ದಿನ ಕೆಲಸ ಮಾಡುವುದು ನಮ್ಮಲ್ಲಿ ಪಾಪ. ತೆರೆಯನ್ನಷ್ಟೇ ಆರಿಸಿದೆ. ಯಂತ್ರ ಮೇಜಿನ ಕೆಳಗೆ ತನ್ನ ಪಾಡಿಗೆ ಗುಂಯ್‌ಗುಡುತ್ತಾ ಉಳಿಯಿತು.

ಇಲ್ಲಿ ನಮ್ಮಣ್ಣ ವುಕಾಶಿನ್‌ನ ವಿಷಯ ಹೇಳಬೇಕು.

ಸ್ಲಾವಾ ದಿನ ಮನೆಯ ಯಜಮಾನ ಕೂರುವಂತಿಲ್ಲ. ಬೆಳಗ್ಗೆ ಮೇಣದಬತ್ತಿ ಹಚ್ಚಿದಾಗಿನಿಂದ ಕೊನೆಯ ಅತಿಥಿ ಎದ್ದುಹೋಗುವ ತನಕ ನಿಂತೇ ಇರಬೇಕು. ಬಡಿಸಬೇಕು, ಯಾರ ಲೋಟವೂ ಖಾಲಿಯಾಗದ ಹಾಗೆ ನೋಡಿಕೊಳ್ಳಬೇಕು. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ಬರುವವರು ಬರುತ್ತಾರೆ, ಬಂದವರನ್ನು ಹಿಂದೆ ಕಳಿಸುವ ಹಾಗಿಲ್ಲ. ಕೆಲವು ವರ್ಷಗಳ ಹಿಂದೆ ಇಂಥದೇ ದಿನ ಅಪ್ಪ ರಾಕಿಯಾ ಸಾರಾಯಿಯ ಹೂಜಿ ಹಿಡಿದು ಕುಂಟುತ್ತಾ ಓಡಾಡುತ್ತಿದ್ದ. ವುಕಾಶಿನ್‌ಗೆ ನೋಡಲಾಗಲಿಲ್ಲ. ಎದ್ದು ಹೋಗಿ ಹೂಜಿಗೆ ಕೈ ಹಾಕಿದ. "ಅಪ್ಪಾ, ನೀನು ಕೂತ್ಕೋ. ಇವತ್ತು ನಾನು ನಿಂತ್ಕೋತೀನಿ," ಎಂದ. ಅವನು ಹೇಳಿದ್ದು ಪ್ರೀತಿಯಿಂದ. ಅಪ್ಪನ ಕಿವಿಗೆ ಬಿದ್ದದ್ದು ಬೇರೆ ಏನೋ. ತುಂಬಿದ ಮನೆಯಲ್ಲಿ, ಎಲ್ಲರ ಎದುರು, "ನಾನಿನ್ನೂ ಸತ್ತಿಲ್ಲ ಕಣೋ. ಯಜಮಾನಿಕೆ ಬೇಕಿದ್ರೆ ಹೋಗಿ ನಿನ್ನದೇ ಮನೆ ಕಟ್ಕೋ," ಎಂದುಬಿಟ್ಟ. ವುಕಾಶಿನ್ ಹೂಜಿ ಬಿಟ್ಟ, ಕೋಟು ತಗೊಂಡ, ಹೊರಟ.

ಗಡಿಯಾಚೆ ಸ್ಕೋಪಿಯೆಯಲ್ಲಿ ಅವನು ಲಿಫ್ಟ್ ರಿಪೇರಿ ಮಾಡುತ್ತಾನೆ. ಕಾರಿನಲ್ಲಿ ಅರ್ಧ ದಿನದ ದಾರಿ ಕೂಡ ಅಲ್ಲ. ಆದರೆ ಆಮೇಲೆ ಅವನು ಬರಲಿಲ್ಲ, ಅಪ್ಪ ಬಾ ಅನ್ನಲಿಲ್ಲ. ಇಬ್ಬರ ತಲೆಯೂ ಒಂದೇ ಕಲ್ಲಿನದು. ಸ್ಲಾವಾ ಬೆಳಗ್ಗೆ ಅಮ್ಮನಿಗೆ ಮಾತ್ರ ಒಂದು ವಿಡಿಯೋ ಕರೆ ಮಾಡುತ್ತಿದ್ದ. ಅಮ್ಮ ಮೊದಲ ಸದ್ದಿಗೇ ಎತ್ತುತ್ತಿದ್ದಳು. ಫೋನನ್ನು ಮೇಣದಬತ್ತಿಯ ಕಡೆ ತಿರುಗಿಸಿ ತೋರಿಸುತ್ತಿದ್ದಳು, ರೊಟ್ಟಿ ತೋರಿಸುತ್ತಿದ್ದಳು. ಅಷ್ಟು ಹೊತ್ತೂ ಅಪ್ಪ ಪಕ್ಕದ ಕೋಣೆಯಲ್ಲಿ ತುಂಬಿದ ಹೂಜಿಯನ್ನೇ ಮತ್ತೆ ತುಂಬಿಸುತ್ತಾ ನಿಂತಿರುತ್ತಿದ್ದ. ಆ ಒಂದು ಕರೆಯ ಮೇಲೆ ಅಮ್ಮ ಮುಂದಿನ ವರ್ಷದ ತನಕ ಬದುಕುತ್ತಿದ್ದಳು ಎಂದರೆ ನಾನು ಹೆಚ್ಚು ಹೇಳಿದಂತೆ ಆಗುವುದಿಲ್ಲ.

ನಮ್ಮ ಸುವೊದೊಲ್ ಕಣಿವೆಯಲ್ಲಿ ಮೊಬೈಲು ಸಿಗುವುದಿಲ್ಲ. ದೂರವಾಣಿಯ ತಾಮ್ರದ ತಂತಿಯನ್ನು ಯಾರೋ ಪುಣ್ಯಾತ್ಮರು ಕಡಿದುಕೊಂಡು ಹೋಗಿ ಬಹಳ ಕಾಲವಾಯಿತು. ಎದುರು ಗುಡ್ಡದ ಕಡೆ ಮುಖ ಮಾಡಿದ ಚಾವಣಿಯ ಮೇಲಿನ ಆಂಟೆನಾ ತಟ್ಟೆಯಿಂದ ಬರುವ ಇಂಟರ್ನೆಟ್ಟೇ ನಮಗೂ ಲೋಕಕ್ಕೂ ಇರುವ ಏಕೈಕ ದಾರಿ. ಪಕ್ಕದ ಮನೆಯ ಪೆರ್ಸಾ ಅತ್ತೆಗೂ ನಮ್ಮದೇ ದಾರಿ. ಬಟ್ಟೆ ಒಣಗಿಸುವ ಹಗ್ಗದ ಜೊತೆ ಅವಳ ಮನೆಗೆ ಒಂದು ಕೇಬಲ್ಲನ್ನೂ ಎಳೆದಿದ್ದೇವೆ.

ಹಬ್ಬದ ಬೆಳಗ್ಗೆ ಅಪ್ಪ ಬಿಳಿ ಅಂಗಿ ತೊಟ್ಟು ಮೇಣದಬತ್ತಿ ಹಚ್ಚಿದ. ಅಮ್ಮ ರಾತ್ರಿ ಫೋನಿಗೂ ನಿದ್ದೆ ಬೇಕು ಎಂದು ಆರಿಸಿಟ್ಟಿರುತ್ತಾಳೆ; ಅದನ್ನು ಹೊತ್ತಿಸಿ, ಸಂತನ ಪಟದ ಕೆಳಗಿನ ಕಪಾಟಿನಲ್ಲಿ ಒರಗಿಸಿಟ್ಟಳು. ತಲೆಗೆ ಹೊಸ ಚೌಕ ಕಟ್ಟಿಕೊಂಡಿದ್ದಳು. ಫೋನಿನಲ್ಲಿ ಚೆನ್ನಾಗಿ ಕಾಣಲಿ ಅಂತ.

ಫೋನು ಸದ್ದು ಮಾಡಲಿಲ್ಲ.

ಅತಿಥಿಗಳು ಬರತೊಡಗಿದರು. ಬಾಗಿಲಲ್ಲಿ ಅಮ್ಮ ತಟ್ಟೆ ಹಿಡಿದು ನಿಂತು ಪ್ರತಿಯೊಬ್ಬರಿಗೂ ಒಂದು ಚಮಚ ಸಿಹಿ ಗೋಧಿ ಕೊಡುತ್ತಿದ್ದಳು, ಒಬ್ಬರಿಗೂ ಇನ್ನೊಬ್ಬರಿಗೂ ನಡುವೆ ಕಪಾಟಿನ ಕಡೆ ನೋಡುತ್ತಿದ್ದಳು. ಪೆರ್ಸಾ ಅತ್ತೆ ಬಂದವಳೇ, "ನನ್ನ ಮನೆ ಇಂಟರ್ನೆಟ್ ಸತ್ತಿದೆ ಕಣೇ ಮಿಲುಂಕಾ! ಟರ್ಕಿ ಧಾರಾವಾಹೀಲಿ ಆ ಹುಡುಗಿ ಮದುವೆ ನಿಂತೇಹೋಯ್ತು, ಏನಾಯ್ತೋ ಗೊತ್ತಿಲ್ಲ," ಎಂದು ನನ್ನ ತೋಳು ಹಿಡಿದಳು.

"ಗಾಳಿಗೆ ತಟ್ಟೆ ವಾಲಿರ್ಬೇಕು ಅತ್ತೆ."

"ಗಾಳಿ ಎಲ್ಲಿದೆ? ಹೊಗೆ ನೆಟ್ಟಗೆ ಹೋಗ್ತಿದೆ ನೋಡು."

ನನ್ನ ಫೋನಿಗೂ ಇಂಟರ್ನೆಟ್ ಇರಲಿಲ್ಲ. ತಟ್ಟೆಯದೇ ತೊಂದರೆ ಎಂದು ನನಗೆ ನಾನೇ ಹೇಳಿಕೊಂಡು ಎಲೆಕೋಸಿನ ಸುರುಳಿ ಬಡಿಸಲು ಹೋದೆ. ಹಬ್ಬದ ದಿನ ಚಾವಣಿ ಹತ್ತಿದರೆ ಅಪ್ಪ ಏಣಿಯನ್ನೇ ಎಳೆದುಬಿಡುತ್ತಾನೆ.

ಮಧ್ಯಾಹ್ನ ರೊಟ್ಟಿ ಕತ್ತರಿಸುವ ಹೊತ್ತು. ಅದರ ತಳಕ್ಕೆ ಶಿಲುಬೆಯಾಕಾರದಲ್ಲಿ ಕೊಯ್ದು, ವೈನ್ ಸುರಿದು, ಅಪ್ಪನೂ ಮಗನೂ ಕೈ ಹಚ್ಚಿ ತಿರುಗಿಸಬೇಕು. ವುಕಾಶಿನ್ ಹೋದಮೇಲೆ ಅಪ್ಪನ ಎದುರು ನಾನೇ ನಿಂತು ತಿರುಗಿಸುತ್ತೇನೆ. ಅವತ್ತೂ ತಿರುಗಿಸಿದೆವು. ಅಪ್ಪ ಒಳ್ಳೆ ಕಾಲಿನ ಮೇಲೆ ಭಾರ ಹಾಕಿ ತಿರುಗಿಸಿದ.

ರೊಟ್ಟಿ ಆದಮೇಲೆ ಅಮ್ಮ ಕಾಣಲಿಲ್ಲ. ಹಿತ್ತಿಲ ಬಾಗಿಲಲ್ಲಿ, ಸೌದೆ ಒಟ್ಟಿದ ಕಡೆ, ಹೊಸ ಚೌಕ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅವನು ಮರೆತ, ಮಗಳೇ," ಎಂದಳು. "ಈ ವರ್ಷ ಮರೆತುಬಿಟ್ಟ. ಎಷ್ಟು ದಿನ ಅಂತ ನೆನಪಿಟ್ಕೋತಾನೆ, ಪಾಪ."

"ಇಂಟರ್ನೆಟ್ ಇಲ್ಲ ಅಮ್ಮ, ಅದಕ್ಕೇ. ಅವನು ಮಾಡೇ ಇರ್ತಾನೆ."

"ಸಮಾಧಾನ ಮಾಡ್ಬೇಡ. ಪ್ರತಿ ವರ್ಷ ಬರ್ತಿದ್ದ ಇಂಟರ್ನೆಟ್ ಇವತ್ತೇ ಯಾಕೆ ಹೋಗುತ್ತೆ?"

ತಿರುಗಿ ನೋಡಿದರೆ ಅಪ್ಪ ಬಾಗಿಲಲ್ಲಿ ನಿಂತಿದ್ದ, ಕೈಯಲ್ಲಿ ಹೂಜಿ. ಎಷ್ಟು ಕೇಳಿಸಿಕೊಂಡನೋ. ಅಮ್ಮನ ಕಡೆ ನೋಡದೆ, ನನ್ನ ಕಡೆಯೂ ನೋಡದೆ, ಸೌದೆಯ ಕಡೆ ನೋಡುತ್ತಾ ಹೇಳಿದ:

"ಹೋಗು. ನಿನ್ನ ಆ ಡಬ್ಬಿ ನೋಡು."

"ಇವತ್ತು ಸ್ಲಾವಾ ಅಪ್ಪ. ಕೆಲಸ ಮಾಡಬಾರ್ದು ಅಂದ್ಯಲ್ಲ."

"ಬಾಗಿಲು ತೆಗೆಯೋದು ಕೆಲಸ ಅಲ್ಲ. ಹೋಗು ಅಂದೆ."

ಅಪ್ಪ ತನ್ನ ಮಾತನ್ನು ತಾನೇ ಮೀರಿದ್ದು ನಾನು ಹುಟ್ಟಿದ ಮೇಲೆ ಅದೇ ಮೊದಲು. ಓಡಿದೆ.

ಮೊದಲು ನನ್ನ ಫೋನಿಗೆ ಸಿಕ್ಕ ವಿಳಾಸ ನೋಡಿದೆ. ಅದು ನಮ್ಮ ಮನೆಯ ಸಾಲಿನದಲ್ಲ. ನಿನ್ನೆ ನಾನೇ ಫೈರ್‌ವಾಲ್‌ನ ಒಳಗಿನ ಕಡೆಗೆ ಅಂತ ಆರಿಸಿಕೊಟ್ಟ ಸಾಲಿನದು. ಆಗ ನನ್ನ ಬಾಯಿಂದ ಬಂದ ಮಾತನ್ನು ಇಲ್ಲಿ ಬರೆಯಲಾರೆ, ಸಂತ ಲೂಕ ಕೇಳಿಸಿಕೊಂಡಿದ್ದೇ ಸಾಕು. ತೆರೆ ಹೊತ್ತಿಸಿದೆ. ಅಕ್ರೋಟು ಕುಟ್ಟುವ ಅವಸರದಲ್ಲಿ ಎರಡು ಕಾರ್ಡನ್ನೂ ಅದಲು ಬದಲು ಮಾಡಿದ್ದೆ. ಒಳಗಿನ ಕಡೆ ಮನೆಯ ಜಾಲಕ್ಕೆ ಸೇರಿತ್ತು, ಹೊರಗಿನ ಕಡೆ ಯಾರೂ ಇಲ್ಲದ ಗುಟ್ಟಿನ ಜಾಲದಲ್ಲಿ ನೇತಾಡುತ್ತಿತ್ತು. ಬೆಳಗ್ಗೆ ಎದ್ದ ಪ್ರತಿಯೊಂದು ಫೋನೂ ವಿಳಾಸ ಕೇಳಿದಾಗ, ಮನೆಯ ಮುದಿ ರೌಟರ್ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನನ್ನ ಹೊಸ ಫೈರ್‌ವಾಲ್ ಮುಂದೆ ಬಂದು, 'ಬನ್ನಿ ಬನ್ನಿ, ಹೊರಗಿನ ದಾರಿ ನಾನೇ' ಎಂದು ಎಲ್ಲರನ್ನೂ ಬರಮಾಡಿಕೊಂಡಿತ್ತು. ಅದರ ಬೆನ್ನ ಹಿಂದೆ ದಾರಿಯೇ ಇರಲಿಲ್ಲ. ಬಾಗಿಲು ಉಲ್ಟಾ ಕೂರಿಸಿದ ಪೆದ್ದ ಯಾರೆಂದು ಈಗ ಗೊತ್ತಾಯಿತು.

ಕಲ್ಪಿತ ಯಂತ್ರವನ್ನು ನಿಲ್ಲಿಸಿದೆ. ಈ ಸಲ ಕೊನೆಯ ಅಕ್ಷರವನ್ನು ಬೆರಳಿಟ್ಟು ಓದಿ, ಗಟ್ಟಿಯಾಗಿ ಹೇಳಿಕೊಂಡು, ಹೊರಗಿನದನ್ನು ಮನೆಯ ಜಾಲಕ್ಕೂ ಒಳಗಿನದನ್ನು ಗುಟ್ಟಿನ ಜಾಲಕ್ಕೂ ಕಟ್ಟಿದೆ. ಕಟ್ಟಿದ್ದನ್ನು ಮತ್ತೆ ನೋಡಿದೆ. ಆಮೇಲೆ ನಡುಮನೆಗೆ ಬಂದು, "ಎಲ್ಲರೂ ಒಂದ್ಸಲ ಫೋನ್ ಆರಿಸಿ ಹೊತ್ತಿಸಿ!" ಎಂದು ಕೂಗಿದೆ.

ಒಂದರ ಹಿಂದೊಂದು ಫೋನುಗಳು ಕಿಣಿಕಿಣಿ ಎಂದವು. ಪೆರ್ಸಾ ಅತ್ತೆ, "ಏನ್ಮಾಡಿದ್ಯೇ?" ಎಂದಳು. ಏನಾಗಿತ್ತೆಂದು ಹೇಳಿದೆ. ಮುಚ್ಚಿಟ್ಟರೂ ಆ ಹೆಂಗಸು ಬಿಡುವವಳಲ್ಲ.

ಅಪ್ಪ ಎಲ್ಲ ಕೇಳಿಸಿಕೊಂಡು ಕೋಣೆಯ ಕಡೆ ಕತ್ತು ಚಾಚಿ ನೋಡಿದ. "ಇಡೀ ಮನೇನ ಹಿಡಿದಿಟ್ಟಿತ್ತಾ? ಪೆರ್ಸಾ ಮನೇನೂ?"

"ಹೂಂ."

"ಹಾಗಾದ್ರೆ ಅದು ಇದೆ ಅನ್ನು," ಎಂದ. ಎಲ್ಲರೂ ನಕ್ಕರು.

ಅಮ್ಮ ನಗಲಿಲ್ಲ. ಕಪಾಟಿನ ಹತ್ತಿರ ನಿಂತು ಫೋನನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತೆರೆಯ ಮೇಲೆ ವುಕಾಶಿನ್‌ನ ತಪ್ಪಿದ ಕರೆಗಳು ಸಾಲಾಗಿ ಇಳಿಯುತ್ತಿದ್ದವು. ಬೆಳಗಿನ ಜಾವದಿಂದ ಶುರು, ಒಂದರ ಬೆನ್ನಿಗೆ ಒಂದು. ನನ್ನ ಫೋನಿಗೂ ಬಂದಿದ್ದವು. ಎಷ್ಟೋ ಹೊತ್ತಿನ ಹಿಂದೆ ಅವು ಇದ್ದಕ್ಕಿದ್ದಂತೆ ನಿಂತಿದ್ದವು. ಅಮ್ಮ ತಿರುಗಿ ಕರೆದಳು. ಯಾರೂ ಎತ್ತಲಿಲ್ಲ. ಮತ್ತೆ ಕರೆದಳು.

"ಸಿಟ್ಟು ಮಾಡ್ಕೊಂಡ," ಎಂದಳು. "ನಾವು ಬೇಕಂತಲೇ ಎತ್ತಲಿಲ್ಲ ಅಂದ್ಕೊಂಡ. ಇನ್ನು ಅವನು ಯಾವತ್ತೂ ಮಾಡಲ್ಲ."

ಮರೆತ ಎನ್ನುವುದಕ್ಕಿಂತ ಇದು ಕೆಟ್ಟದಾಗಿತ್ತು. ಅಮ್ಮನನ್ನು ತಬ್ಬಿಕೊಂಡೆ. ತಬ್ಬಿಕೊಂಡರೆ ಏನು ಸರಿಹೋಗುತ್ತದೆ? ಗುಂಡಿ ಒತ್ತಿದವಳು ನಾನು. ಅಪ್ಪ ಅತಿಥಿಗಳ ಲೋಟಗಳಿಗೆ ಸುರಿಯುತ್ತಲೇ ಇದ್ದ. ಒಬ್ಬರ ಲೋಟ ತುಂಬಿ ಮೇಜಿನ ಮೇಲೆ ಹರಿಯಿತು, ಅವನಿಗೆ ತಿಳಿಯಲಿಲ್ಲ.

ಬಿಸಿಲು ಅಂಗಳದ ಪ್ಲಮ್ ಮರದ ಆಚೆಗೆ ಹೋಗಿತ್ತು. ಕೆಳಗಿನ ತಿರುವಿನಲ್ಲಿ ಒಂದು ಕಾರು ಗೇರ್ ಬದಲಿಸಿದ ಸದ್ದು ಕೇಳಿತು. ಹಬ್ಬದ ದಿನ ಕಾರು ಬರುವುದೇನು ಹೊಸದಲ್ಲ. ಆದರೆ ಈ ಕಾರು ಅಂಗಳಕ್ಕೆ ನುಗ್ಗಿ ನಿಂತ ರೀತಿ ಅತಿಥಿಯದಾಗಿರಲಿಲ್ಲ. ಬಾಗಿಲು ಮುಚ್ಚುವ ಸದ್ದೂ ಕೇಳಲಿಲ್ಲ, ಓಡಿ ಬರುವ ಹೆಜ್ಜೆ ಮಾತ್ರ ಕೇಳಿತು. ಹೊರಗೆ ಬೆಂಚಿನ ಮೇಲೆ ಕಾಲು ಚಾಚಿದ್ದ ಪೆರ್ಸಾ ಅತ್ತೆ ಕಿರುಚಿದಳು.

"ಅಯ್ಯೋ ದೇವ್ರೇ, ವುಕಾಶಿನ್!"

"ಅಪ್ಪ ಎಲ್ಲಿ?" ಎಂದಿತು ಅಣ್ಣನ ದನಿ. "ಅತ್ತೆ, ಅಪ್ಪ ಎಲ್ಲಿ?"

"ಒಳಗೆ ಕಣೋ. ಕಂಬದ ಹಾಗೆ ನಿಂತಿದಾನೆ, ಇನ್ನೆಲ್ಲಿರ್ತಾನೆ?"

ವುಕಾಶಿನ್ ಹೊಸ್ತಿಲಲ್ಲಿ ಬಂದು ನಿಂತ. ಲಿಫ್ಟ್ ರಿಪೇರಿಯ ನೀಲಿ ಅಂಗಿಯಲ್ಲೇ ಬಂದಿದ್ದ, ತೋಳಿನ ತುಂಬ ಗ್ರೀಸ್. ಮುಖದಲ್ಲಿ ರಕ್ತವಿರಲಿಲ್ಲ. ಅವನ ಕಣ್ಣು ಇಡೀ ಕೋಣೆಯನ್ನು ಹುಡುಕಿ ಅಪ್ಪನ ಮೇಲೆ ನಿಂತಿತು. ಆಮೇಲೆ ಚೌಕಟ್ಟಿಗೆ ಒರಗಿ ಉಸಿರು ಬಿಟ್ಟ. ಗಡಿ ದಾಟಿದ ಮೇಲೆ ಅವನ ಫೋನಿಗೂ ಇಂಟರ್ನೆಟ್ ಇರಲಿಲ್ಲವಂತೆ. ಅಮ್ಮ ಕರೆದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಆ ಕೋಣೆಯಲ್ಲಿದ್ದ ಎಲ್ಲರೂ ಅವತ್ತಿನ ಜಗಳ ಕೇಳಿದವರೇ.

"ಒಳಗೆ ಬಾ," ಎಂದ ಅಪ್ಪ. "ಬಾಗಿಲಲ್ಲಿ ನಿಂತ್ರೆ ಗಾಳಿಗೆ ಬತ್ತಿ ಆರುತ್ತೆ."

ಅಮ್ಮ ಗೋಧಿಯ ತಟ್ಟೆ ತಂದಳು. ಚಮಚ ತುಂಬಿ ಅವನ ಬಾಯಿಗೆ ತಾನೇ ಇಟ್ಟಳು, ಚಿಕ್ಕ ಮಗುವಿಗೆ ಇಟ್ಟ ಹಾಗೆ. ಇನ್ನೊಂದು ಕೈಯಲ್ಲಿ ಅವನ ಗ್ರೀಸಿನ ತೋಳನ್ನು ಗಟ್ಟಿಯಾಗಿ ಹಿಡಿದಿದ್ದಳು. ಅವನು ಜಗಿದು ನುಂಗುವ ತನಕ ಎಲ್ಲರೂ ಕಾದೆವು.

"ಬೆಳಗ್ಗೆಯಿಂದ ಮಾಡ್ತಾನೇ ಇದೀನಿ," ಎಂದ ವುಕಾಶಿನ್. "ಅಮ್ಮ ಎತ್ತಲ್ಲ, ಮಿಲುಂಕಾ ಎತ್ತಲ್ಲ. ಇವತ್ತಿನ ದಿನ ಅಮ್ಮ ಎತ್ತದೆ ಇರೋದಾ? ನಾನು ಅಂದ್ಕೊಂಡೆ..."

"ಏನಂದ್ಕೊಂಡೆ?" ಅಪ್ಪ ಕೇಳಿದ. "ನಾನು ಸತ್ತೆ ಅಂತಾನಾ?"

ವುಕಾಶಿನ್ ತಲೆ ತಗ್ಗಿಸಿದ. "ಹೂಂ."

"ನಾನಿನ್ನೂ ಸತ್ತಿಲ್ಲ ಕಣೋ."

ಅವತ್ತು ಆಡಿದ ಮಾತೇ. ಆದರೆ ದನಿ ಒಡೆದಿತ್ತು, ಕೊನೆಯ ಪದ ಸರಿಯಾಗಿ ಹೊರಗೆ ಬರಲೇ ಇಲ್ಲ. ಅಣ್ಣ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಗ್ರೀಸ್ ಬಳಿದುಕೊಂಡ.

ಅಣ್ಣನ ಹಿಂದೆಯೇ ಒಳಗೆ ಬಂದಿದ್ದ ಪೆರ್ಸಾ ಅತ್ತೆಗೆ ಇಂಥ ಅಳು ಆಗಿಬರುವುದಿಲ್ಲ. "ಅಪ್ಪ ಮಗ ಇಬ್ರೂ ಆಮೇಲೆ ಅಳಿ. ನನ್ನ ಲೋಟ ಖಾಲಿಯಾಗಿ ಎಷ್ಟು ಹೊತ್ತಾಯ್ತು? ಈ ಮನೇಲಿ ಯಜಮಾನ ಅನ್ನೋನು ಇದಾನೋ ಇಲ್ವೋ?" ಎಂದು ಲೋಟ ಎತ್ತಿ ಹಿಡಿದಳು.

ಅಪ್ಪ ಹೂಜಿ ಎತ್ತಿಕೊಂಡು ಅವಳ ಕಡೆ ಒಂದು ಹೆಜ್ಜೆ ಇಟ್ಟ. ನಿಂತ. ಹೂಜಿಯನ್ನು ನೋಡಿದ, ಮಗನನ್ನು ನೋಡಿದ. ಆಮೇಲೆ ಹೂಜಿಯನ್ನು ವುಕಾಶಿನ್‌ನ ಕೈಗೆ ಕೊಟ್ಟು, ಮೇಣದಬತ್ತಿಯ ಪಕ್ಕದ ಕುರ್ಚಿಯನ್ನು ಎಳೆದುಕೊಂಡ. ಮೇಜಿನ ಅಂಚು ಹಿಡಿದು ನಿಧಾನವಾಗಿ ಕೂತ. ನನ್ನಪ್ಪ ಸ್ಲಾವಾ ದಿನ ಕೂತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಮಂಡಿ ನೋಯ್ತಿದೆ," ಎಂದ.